ಸರ್ವೆ ನಂಬರು ನೂರಾ ಹನ್ನೆರಡು

ಗೇಟಿನ ಮೇಲಿಂದ ಮೊದಲೆರಡು ಅಕ್ಷರ ಬಿದ್ದು
ಎಷ್ಟೋ ವರ್ಷ. ಉಲ್ಲಾಸನಗರಿ
ಈಗ ಬರೀ ಸನಗರಿ.
ಕಾವಲಿನ ಬೋರಲಿಂಗಣ್ಣ ಬಂದದ್ದು ಆಮೇಲೆ,
ಅವನಿಗೆ ಜಾಗದ ಹೆಸರೇ ಅದು:
"ಈ ಸನಗರೀಲಿ ನವಿಲುಗಳ ಕಾಟ ಸಾ,
ಮನುಸ್ರುದ್ದು ಏನೂ ಇಲ್ಲ."

ನಾನು ಬಂದದ್ದು ಅಳೆಯಲು.
ರಿಂಗ್ ರೋಡಿನಾಚೆ, ಬನ್ನೂರು ರಸ್ತೆಗೆ ಎಡಕ್ಕೆ
ಹನ್ನೊಂದು ಎಕರೆ ನಾಲ್ಕು ಗುಂಟೆ;
ಮೂವತ್ತು ನಲವತ್ತರ ಸೈಟು ಎಷ್ಟು ಏಳುತ್ತವೆ
ಎಂದು ಸೋಮವಾರ ಹೇಳಬೇಕು.
ಸ್ಟ್ಯಾಂಡು ನಿಲ್ಲಿಸಿ, ಗುಳ್ಳೆ ನಡುವಿಗೆ ತಂದು
ಕಣ್ಣಿಟ್ಟರೆ ಗಾಜಿನೊಳಗೆ
ಕೋಲು ಹಿಡಿದ ಅಸ್ಲಂ, ಅವನ ಹಿಂದೆ
ಸೊಂಡಿಲು ಮುರಿದ ಸಿಮೆಂಟಿನ ಆನೆ,
ಮಕ್ಕಳು ಜಾರಿ ಬರುತ್ತಿದ್ದ ಮೊಸಳೆಯ
ನಾಲಗೆಯ ಮೇಲೆ ಲಂಟಾನ.

ಬಾವಿಯಿತ್ತೇ? ಇತ್ತು, ಹಳೇ ನಕ್ಷೆಯಲ್ಲಿ.
ಒಂದು ಹುಣಸೆಮರ, ಒಂದು ಬಂಡಿದಾರಿ,
ಹುರುಳಿ ಬಿತ್ತುತ್ತಿದ್ದ ಮೂವರು ಅಣ್ಣತಮ್ಮಂದಿರ ಹೆಸರು.
ನಮ್ಮೂರು ಬರೆಯಲು ಕಲಿತದ್ದೇ ಹೀಗೆ,
ಸ್ಲೇಟು ಪೂರ್ತಿ ಒರೆಸದೆ.

ಮಿಲ್ಲಿನ ಸೈರನ್ನಿಗೆ ಅಕ್ಕಿ ತೊಳೆದಿಡುತ್ತಿದ್ದಳು ಅಮ್ಮ.
ಸೈರನ್ನು ನಿಂತ ಮೇಲೆ ಕೆಲವು ದಿನ
ಮೊಹಲ್ಲಾದಲ್ಲಿ ಊಟ ತಡವಾಯಿತು.
ಆಮೇಲೆ ಅಪ್ಪನ ಬೈಕ್ ಕಾರ್ಖಾನೆ.
ಯಾದವಗಿರಿಯ ಗೇಟಿನೆದುರು ಶಾಮಿಯಾನ,
ಕೊನೆಗೆ ಶಾಮಿಯಾನದ ಬಾಡಿಗೆಯೂ ಬಾಕಿ.
ಬೀದಿಯ ತುದಿಯಲ್ಲಿ ಬೈಕು ತಿರುಗುವಾಗಲೇ
ಅದು ಯಾವ ವರ್ಷದ್ದೆಂದು ಹೇಳುತ್ತಿದ್ದ ಅಪ್ಪ.
ಕಿವಿಯಿಂದಲ್ಲ ಮಗ, ಅಂಗಾಲಿನಿಂದ, ಎನ್ನುತ್ತಿದ್ದ.

ಆ ಅಂಗಾಲು ಇಲ್ಲಿಗೆ ಬಂತು,
ಜೈಂಟ್ ವೀಲಿನ ಬುಡಕ್ಕೆ.
ನೀಲಿ ಶರಟು, ಹಳದಿ ಟೋಪಿ.
ಮನೆಯಲ್ಲಿ "ಮೆಕ್ಯಾನಿಕಲ್ ಸೆಕ್ಷನ್ನು" ಎಂದಷ್ಟೇ ಹೇಳಿದ್ದ.
ಟೋಪಿ ಊಟದ ಡಬ್ಬಿಯ ಚೀಲದಲ್ಲಿರುತ್ತಿತ್ತು;
ಗೇಟು ದಾಟಿದ ಮೇಲೆ ತಲೆಗೆ.
ಏಳನೇ ಕ್ಲಾಸಿನ ಪ್ರವಾಸದಲ್ಲಿ ನನಗೆ ಗೊತ್ತಾಯಿತು.
ನಾನು ಹತ್ತಿದೆ, ಅವನು ಸರಳು ಹಾಕಿದ.
ಇಬ್ಬರೂ ಮಾತಾಡಲಿಲ್ಲ.

ಪಾರ್ಕು ಮುಚ್ಚಿದ್ದಕ್ಕೆ ಊರಿನಲ್ಲೊಂದು ಕತೆಯಿದೆ:
ದಸರಾ ರಜೆಯಲ್ಲಿ ಮಗುವೊಂದು ಮೇಲಿಂದ ಬಿತ್ತು.
ಹುಣಸೂರಿನದಂತೆ. ಕೆಲವರಿಗೆ ನಂಜನಗೂಡಿನದು.
ಯಾರೂ ಬೀಳಲಿಲ್ಲ. ಬಿದ್ದದ್ದು ಕಲೆಕ್ಷನ್ನು.
ಊರೊಳಗೆ ಗಾಜಿನ ಮಾಲು ಬಂತು,
ತಾನೇ ಹತ್ತುವ ಮೆಟ್ಟಿಲ ಮೇಲೆ ನಿಲ್ಲಲು
ಅಲ್ಲಿ ಟಿಕೆಟ್ಟಿರಲಿಲ್ಲ.
ಅಷ್ಟು ಸಣ್ಣ ಕಾರಣಕ್ಕೆ ಸಾಯುವುದು
ಯಾರಿಗೂ ಒಪ್ಪಿಗೆಯಾಗಲಿಲ್ಲ.
ಅದಕ್ಕೇ ಆ ಮಗು.

"ಸಾ, ಆ ಚಕ್ರದ್ದೊಂದು ನಂಗೆ ತಿಳೀದು,"
ಬೀಡಿ ಆರಿಸಿ ಬೋರಲಿಂಗಣ್ಣ ಹೇಳಿದ,
"ಎಂಥಾ ಗಾಳಿಗೂ ಅಲ್ಲಾಡಕಿಲ್ಲ.
ಆ ಏಳ್ನೇ ತೊಟ್ಲು ಯಾವಾಗ್ಲೂ ಮ್ಯಾಲೇ."

ಹತ್ತಿರ ಹೋದೆ. ಹಲ್ಲುಚಕ್ರಗಳ ನಡುವೆ
ಅಡ್ಡಲಾಗಿ ಸಿಕ್ಕಿಸಿದ ಲಿವರು,
ತುಕ್ಕು ಹಿಡಿದರೂ ಬಾಗು ಬಿಡದ್ದು.
ಒದೆಯಲೂ ಅದೇ, ಗೇರು ಬದಲಿಸಲೂ ಅದೇ:
ಒಂದೇ ಕಬ್ಬಿಣಕ್ಕೆ ಎರಡು ಕೆಲಸ ಹೇಳುವ ಬೈಕು
ನಮ್ಮೂರಿನದು, ಅಪ್ಪನದು.
ಏಳರ ಬೇರಿಂಗು ಸವೆದಿದೆ, ಹೊಸದು ತರಿಸಿರಿ
ಎಂದು ಮ್ಯಾನೇಜರಿಗೆ ಮೂರು ಸಲ ಬರೆದದ್ದರ
ಕಾರ್ಬನ್ ಪ್ರತಿ ನಮ್ಮ ಟ್ರಂಕಿನಲ್ಲಿದೆ.
ಕೊನೆಯ ಸಂಜೆ ಅದನ್ನು ಯಾರಿಗೂ ಎಟುಕದಷ್ಟು
ಮೇಲೆ ನಿಲ್ಲಿಸಿ, ಹೀಗೆ ಬೀಗ ಹಾಕಿ,
ಟೋಪಿ ಚೀಲಕ್ಕೆ ಹಾಕಿಕೊಂಡು
ಆರೂವರೆಯ ಬಸ್ಸಿಗೆ ಬಂದಿರಬೇಕು.

"ಎಳ್ದು ಬುಡ್ಲಾ ಸಾ?"
ಬೇಡ ಎಂದೆ.

ಚಕ್ರದ ನಡು ಬರುವುದು
ನಲವತ್ತೊಂದನೇ ಸೈಟಿನ ಈಶಾನ್ಯ ಮೂಲೆಗೆ,
ಕೊಂಡವರು ದೇವರ ಮನೆ ಕಟ್ಟುವಲ್ಲಿ.
ಫೀಲ್ಡ್ ಬುಕ್ಕಿನಲ್ಲಿ ಬರೆದೆ:
ಕಬ್ಬಿಣ. ತೆರವು ಮಾಡತಕ್ಕದ್ದು.
ಅಸ್ಲಂ ಕೋಲು ಹೊತ್ತು ಮುಂದಿನ ಗೂಟಕ್ಕೆ ನಡೆದ.
ಗುಳ್ಳೆ ಕೂದಲೆಳೆಯಷ್ಟು ಸರಿದಿತ್ತು.
ರಸ್ತೆಯಲ್ಲಿ ಯಾವುದೋ ಹಳೇ ಬೈಕು ಹೋಗುತ್ತಿತ್ತು.
ಅಂಗಾಲಿಗೆ ಗೊತ್ತಾಯಿತು;
ವರ್ಷ ಯಾವುದೆಂದು
ತಿಳಿಯಲಿಲ್ಲ.